ದಿಬ್ಬದ ಕಡ್ಡಿ

ಚಳಿ ಹಿಂದೆ ಸರಿದಿತ್ತು. ಬಿಸಿಲಿಗೆ ಇನ್ನೂ ಬಲ ಬಂದಿರಲಿಲ್ಲ. ದಿಬ್ಬದ ಹೊಲದಲ್ಲಿ ಈರುಳ್ಳಿ ಹೂವಿಗೆ ಬಂದಿತ್ತು. ಸೊಂಟದೆತ್ತರದ ಟೊಳ್ಳು ದಂಟುಗಳ ತುದಿಯಲ್ಲಿ ಮುಷ್ಟಿಗಾತ್ರದ ಬಿಳಿ ಗುಂಡುಗಳು ನಿಂತಿದ್ದವು. ಇಬ್ಬನಿ ಆರುವುದೇ ತಡ, ಜೇನುಹುಳುಗಳು ಅವಕ್ಕೆ ಮುತ್ತುತ್ತಿದ್ದವು. ಚಿಕ್ಕಮ್ಮ ಎರಡು ಸಾಲುಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಕೂತಲ್ಲಿಂದಲೇ ಸರಿಯುತ್ತ ಕಳೆ ಕೀಳುತ್ತಿದ್ದಳು. ಕಿತ್ತ ಕಳೆಯ ಬೇರನ್ನು ಮೊಣಕಾಲಿಗೆ ಬಡಿದು ಮಣ್ಣು ಉದುರಿಸಿ ಹಿಂದಕ್ಕೆ ಎಸೆಯುವುದು, ಮತ್ತೆ ಒಂದು ಗೇಣು ಮುಂದಕ್ಕೆ. ತಲೆ ಎತ್ತಿದರೆ ಹೂವಿಗೆ ತಾಕುತ್ತದೆ, ಹುಳಕ್ಕೆ ಸಿಟ್ಟು ಬರುತ್ತದೆ. ಹಾಗಾಗಿ ಬೆಳಗಿನ ಹೊತ್ತಿನ ಮೂರು ತಾಸಿನ ಕೆಲಸವನ್ನು ಅವಳು ತಲೆ ತಗ್ಗಿಸಿಯೇ ಮಾಡುತ್ತಿದ್ದಳು.

ಊರಿಗೆಲ್ಲ ಅವಳು ಚಿಕ್ಕಮ್ಮ; ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಅವಳು ಬೆಳೆಯುತ್ತಿದ್ದುದು ತಿನ್ನುವ ಈರುಳ್ಳಿಯಲ್ಲ, ಬೀಜ. ಹಿಂದಿನ ಬೆಳೆಯಲ್ಲಿ ಮೈ ಗುಂಡಗಿದ್ದ, ಕತ್ತು ಸಣ್ಣಗಿದ್ದ ಗೆಡ್ಡೆಗಳನ್ನು ಆರಿಸಿ ನೆಡುವುದು, ಹೂವಿಗೆ ಬಿಡುವುದು, ಗುಂಡು ಒಣಗಿ ಒಳಗಿನ ಕಪ್ಪು ಇಣುಕಿದಾಗ ಕೊಯ್ದು ಬಡಿಯುವುದು. ಮೂವತ್ತೊಂದು ವರ್ಷದಿಂದ ಒಂದೇ ತಳಿ. ಸುತ್ತಲಿನ ಹದಿನೇಳು ಮನೆಯವರು ಬಿತ್ತುವುದು ಅದನ್ನೇ. ಈರುಳ್ಳಿ ಬೀಜಕ್ಕೆ ಆಯಸ್ಸು ಕಮ್ಮಿ. ವರ್ಷ ದಾಟಿದರೆ ಅರ್ಧಕ್ಕರ್ಧ ಮೊಳೆಯುವುದಿಲ್ಲ. ಕೂಡಿಡುವ ಮಾತಿಲ್ಲ. ಈ ವರ್ಷದ ಹೂವು ಕಾಳು ಕಟ್ಟದಿದ್ದರೆ ತಳಿ ಅಲ್ಲಿಗೇ ಮುಗಿಯಿತು. ಹೂವು ಬಿಟ್ಟಲ್ಲಿಂದ ಕಾಳು ಬಲಿಯುವ ತನಕ ಐದಾರು ವಾರ ಬೇರು ಒಣಗಬಾರದು. ಅವಳಿಗೆ ಬೇಕಾದದ್ದು ಅಷ್ಟೇ.

ಕೆರೆಯ ಕೆಳಗೆ ಇಪ್ಪತ್ತಮೂರು ತುಂಡು ಹೊಲಗಳಿದ್ದವು. ಪಂಪು ಒಂದು, ಕಾಲುವೆ ಒಂದು, ಆರು ದಿನಕ್ಕೊಮ್ಮೆ ಸರದಿ. ದಿಬ್ಬದ ಹೊಲ ಹನ್ನೊಂದನೆಯದು. ತೂಬುಗಳ ಹಲಗೆ ಎತ್ತಿ ಇಳಿಸುವವನು ನೀರುಗಂಟಿ, ಚಿಕ್ಕಮ್ಮನ ತೀರಿಹೋದ ಗಂಡನ ತಮ್ಮ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆರು ವರ್ಷದಿಂದ ಮಾತಿಲ್ಲ. ಒಮ್ಮೆ ಅವನು ಕೇಳದೆ ಹಲಗೆ ಎತ್ತಿ ಅವಳ ಸಸಿಮಡಿಯನ್ನು ಮುಳುಗಿಸಿದ್ದ. ‘ಬೇಡ ಅಂತ ಬಾಯಿಬಿಟ್ಟು ಹೇಳಬಾರದಿತ್ತಾ?’ ಎಂದು ಅವನು ಕೇಳಿದ್ದ. ‘ಕಣ್ಣುಬಿಟ್ಟು ನೋಡಬಾರದಿತ್ತಾ?’ ಎಂದು ಅವಳು ಕೇಳಿದ್ದಳು. ಅಲ್ಲಿಗೆ ನಿಂತಿತು. ಮಿಕ್ಕವರು ನೀರು ಬೇಕಾದರೆ ಬದುವಿನ ಮೇಲಿಂದ ಕೂಗುತ್ತಿದ್ದರು. ಚಿಕ್ಕಮ್ಮ ತೂಬಿನ ಗೂಟಕ್ಕೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದಳು. ಬಟ್ಟೆ ಕಂಡರೆ ಅವನು ಹಲಗೆ ಎತ್ತುತ್ತಿದ್ದ, ಕಾಣದಿದ್ದರೆ ಮುಂದೆ ಹೋಗುತ್ತಿದ್ದ. ಆರು ವರ್ಷ ಅತ್ತಿಗೆ ಮೈದುನರ ಮಧ್ಯೆ ಇದ್ದ ಮಾತು ಆ ಬಟ್ಟೆಯೊಂದೇ.

ಕಡ್ಡಿಗಳು ಬಂದ ಮೇಲೆ ಅದೂ ಹೋಯಿತು.

ಕಡ್ಡಿ ತಂದವಳು ಸಂಶೋಧನೆ ಮಾಡುವ ಹೆಂಗಸು. ಮೂವತ್ತರ ಆಸುಪಾಸು, ಸದಾ ಕಾಲಿಗೆ ರಬ್ಬರ್ ಬೂಟು. ಪಂಪುಮನೆಗೆ ಅಂಟಿಕೊಂಡ ಸಾಮಾನು ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಮಡಿಸುವ ಮಂಚ ಹಾಕಿಕೊಂಡಿದ್ದಳು. ಬಂದ ವಾರದೊಳಗೇ ಜನ ಅವಳಿಗೆ ಕಡ್ಡಿ ಮೇಡಂ ಎಂದು ಹೆಸರಿಟ್ಟರು. ಹೊಲಕ್ಕೊಂದರಂತೆ ಇಪ್ಪತ್ತಮೂರು ಪ್ಲಾಸ್ಟಿಕ್ ಕೊಳವೆಗಳನ್ನು ನೆಟ್ಟಳು. ಕೆಳಗೆ ಮಣ್ಣಿಗಿಳಿದು ತೇವ ಅಳೆಯುವ ಎರಡು ಮೊಳೆ, ಮೇಲೆ ಸೋಪಿನ ಪೆಟ್ಟಿಗೆಯಷ್ಟು ಡಬ್ಬಿ, ಡಬ್ಬಿಯೊಳಗೆ ಎರಡು ಪೆನ್ಸಿಲ್ ಸೆಲ್ಲು. ನೀರಿನ ಸಂಘದ ಸಭೆಯಲ್ಲಿ ಅವಳು ವಿವರಿಸಿದ್ದಳು.

‘ತಂತಿ ಇಲ್ಲ. ಯಾವುದು ಯಾವುದರ ಪಕ್ಕ ಅಂತ ನಾನು ಹೇಳಿಕೊಡಲ್ಲ. ತಾವೇ ಅಕ್ಕಪಕ್ಕ ಯಾರಿದಾರೆ ಅಂತ ಹುಡುಕ್ಕೊಳ್ತವೆ. ದೂರದ ಕಡ್ಡಿ ಹತ್ತಿರದ ಕಡ್ಡಿಗೆ ಹೇಳುತ್ತೆ, ಅದು ಇನ್ನೊಂದಕ್ಕೆ. ಹೀಗೆ ಸುದ್ದಿ ಪಂಪುಮನೆಗೆ ಬರುತ್ತೆ. ಒಂದು ಬಿದ್ದೋದ್ರೆ ಮಿಕ್ಕಿದ್ದು ಬೇರೆ ದಾರಿ ಮಾಡ್ಕೋತವೆ.’

‘ಎರಡು ಸೆಲ್ಲಿಗೆ ಎಷ್ಟು ದಿನ ಬರುತ್ತೆ?’ ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಕೇಳಿದರು.

‘ಹೊತ್ತೆಲ್ಲ ನಿದ್ದೆ ಮಾಡ್ತವೆ ಸರ್. ಆಗಾಗ ರೆಪ್ಪೆ ಬಡಿಯೋವಷ್ಟು ಹೊತ್ತು ಎಚ್ಚರ, ಮತ್ತೆ ನಿದ್ದೆ.’

‘ನಮ್ಮನೆಯವರೂ ಹಂಗೇ,’ ಎಂದಳು ಹನ್ನೆರಡನೇ ಹೊಲದ ಹೂಕೋಸಿನವಳು. ‘ಅವರಿಗೂ ಎರಡು ಸೆಲ್ ಹಾಕಿ ನೋಡಮ್ಮಾ.’

ನಗು ಇಳಿದ ಮೇಲೆ ಕಡ್ಡಿ ಮೇಡಂ ಮುಖ್ಯವಾದ ಮಾತು ಹೇಳಿದಳು. ಕಡ್ಡಿಗೆ ಅಳತೆ ಮಾಡುವುದಕ್ಕೆ ಖರ್ಚು ಕಮ್ಮಿ, ಮಾತಾಡುವುದಕ್ಕೇ ಹೆಚ್ಚು. ಆದ್ದರಿಂದ ಹೊಸ ಸುದ್ದಿ ಇದ್ದರೆ ಮಾತ್ರ ಅದು ಮಾತಾಡುತ್ತದೆ. ಸುಮ್ಮನಿದ್ದರೆ ಹಿಂದೆ ಹೇಳಿದ್ದೇ ಈಗಲೂ ಇದೆ ಎಂದು ಅರ್ಥ. ಇನ್ನೊಂದು: ತೊಂಬತ್ತು ದಿನ ಯಾರೂ ಯಾವ ಡಬ್ಬಿಯನ್ನೂ ಮುಟ್ಟಬಾರದು. ಮನುಷ್ಯರ ಕೈ ಸೋಕದೆ ಇವು ಎಷ್ಟು ಕಾಲ ತಮ್ಮನ್ನು ತಾವೇ ನೋಡಿಕೊಳ್ಳುತ್ತವೆ ಎನ್ನುವುದೇ ಅವಳ ಮೂರು ವರ್ಷದ ಕೆಲಸ. ಒಂದು ಡಬ್ಬಿಯ ಮೇಲಿನ ಕಾಗದದ ಮುದ್ರೆ ಹರಿದರೂ ಲೆಕ್ಕ ಅಲ್ಲಿಗೆ ನಿಂತಿತು.

‘ನೀನೂ ಮುಟ್ಟಬಾರದಾ?’ ಎಂದು ಕೇಳಿದ್ದು ಚಿಕ್ಕಮ್ಮ.

‘ನಾನೂ ಮುಟ್ಟಬಾರದು.’

ಆ ಬೆಳೆಗೆ ನೀರನ್ನು ಬೋರ್ಡು ನೋಡಿ ಬಿಡಬೇಕೆಂದು ಸಂಘ ಗೊತ್ತುಮಾಡಿತು. ಪಂಪುಮನೆಯ ಹೊರಗೋಡೆಗೆ ಅವಳು ಹಾಕಿದ ಬೋರ್ಡಿನಲ್ಲಿ ಇಪ್ಪತ್ತಮೂರು ಅಂಕಿಗಳು ಕೆಂಪಗೆ ಹೊಳೆಯುತ್ತಿದ್ದವು. ಇಪ್ಪತ್ತೈದಕ್ಕಿಂತ ಕೆಳಗಿದ್ದರೆ ಮಣ್ಣು ಒಣಗಿದೆ, ನೀರು. ಮೇಲಿದ್ದರೆ ಹಸಿ, ಆ ಹೊಲದ ಹೊತ್ತು ಮುಂದಿನವರಿಗೆ. ‘ಕೂಗಾಟ, ಬಟ್ಟೆ ಕಟ್ಟೋದು ಯಾವುದೂ ಬೇಡ,’ ಎಂದರು ಮೇಷ್ಟ್ರು. ಬಟ್ಟೆ ಎನ್ನುವಾಗ ಅವರು ಯಾರ ಕಡೆಗೂ ನೋಡಲಿಲ್ಲ. ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಗೂಟದ ಬಟ್ಟೆ ಬಿಚ್ಚಿ ಮನೆಗೆ ತಂದಳು.

ಎಂಟು ವಾರ ಎಲ್ಲ ಸರಿಯಾಗಿ ನಡೆಯಿತು. ನೀರುಗಂಟಿಗೂ ಹಿತವಾಗಿತ್ತು. ಬೆಳಿಗ್ಗೆ ಏಳಕ್ಕೆ ಬಂದು, ಬೋರ್ಡು ಓದಿ, ಗುದ್ದಲಿ ಹೆಗಲಿಗೇರಿಸಿ ಹೊರಡುವುದು. ಯಾರಾದರೂ ತಕರಾರು ತೆಗೆದರೆ ಗೋಡೆಯ ಕಡೆ ಕೈ ತೋರಿಸುವುದು.

ಕಡ್ಡಿ ಮೇಡಂ ಮಾತ್ರ ದಿನವೂ ನೋಡುತ್ತಿದ್ದುದು ಬೋರ್ಡನ್ನಲ್ಲ, ತನ್ನ ಪರದೆಯನ್ನು. ಅದರಲ್ಲಿ ಇಪ್ಪತ್ತಮೂರು ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಗೆರೆಗಳು. ಯಾವ ಸುದ್ದಿ ಯಾವ ದಾರಿ ಹಿಡಿದು ಬಂತು ಎನ್ನುವುದು ಅವಳ ಆಸಕ್ತಿ. ಸುದ್ದಿ ಏನು ಎನ್ನುವುದಲ್ಲ. ದಿಬ್ಬದ ಚುಕ್ಕೆಗೆ ಗೆರೆಗಳು ಗೂಡಿಗೆ ಇರುವೆ ಬಂದಂತೆ ಸೇರುತ್ತಿದ್ದವು. ಅದು ಎತ್ತರದಲ್ಲಿತ್ತು, ಎಲ್ಲರಿಗೂ ಕಾಣುತ್ತಿತ್ತು. ಮರಗಳ ಸಾಲಿನಾಚೆಯ ಹದಿನಾಲ್ಕು ಕಡ್ಡಿಗಳು ಅದನ್ನೇ ಹತ್ತಿರದ ನೆಂಟನೆಂದು ಹಿಡಿದುಕೊಂಡಿದ್ದವು. ಮಿಕ್ಕವು ನಿದ್ದೆ ಮಾಡುವಾಗಲೂ ಅದು ಒಬ್ಬರಲ್ಲ ಒಬ್ಬರ ಮಾತಿಗೆ ಏಳಬೇಕಾಗಿತ್ತು. ನಲವತ್ತನೇ ದಿನದಿಂದಲೇ ಅದರ ಸೆಲ್ಲು ಇಳಿಯುತ್ತಿದ್ದುದನ್ನು ಅವಳು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದಳು.

ಐವತ್ತೆಂಟನೇ ದಿನ ಮಧ್ಯಾಹ್ನ ಆ ಚುಕ್ಕೆ ಆರಿತು. ಅದರೊಂದಿಗೆ ಹದಿನಾಲ್ಕು ಗೆರೆಗಳೂ ಆರಿದವು. ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ದನದ ಕೊಟ್ಟಿಗೆಯ ಬಳಿಯ ಏಳನೇ ಚುಕ್ಕೆಯಿಂದ ಒಂದು ಗೆರೆ ಹೊರಟಿತು, ಕಾಲುವೆಯ ತಿರುವಿನ ಹತ್ತೊಂಬತ್ತರಿಂದ ಇನ್ನೊಂದು. ನಲವತ್ತು ನಿಮಿಷದೊಳಗೆ ಹದಿನಾಲ್ಕೂ ಸುತ್ತುದಾರಿ ಹಿಡಿದು ಪಂಪುಮನೆ ತಲುಪಿದವು. ಅವಳು ಕೋಣೆಯೊಳಗೇ ಎರಡು ಸುತ್ತು ನಡೆದಳು. ತನ್ನ ಗೈಡಿಗೆ ಫೋನು ಮಾಡಿದಳು.

‘ಸರ್, ತಾವೇ ದಾರಿ ಹುಡುಕ್ಕೊಂಡ್ವು. ಒಂದು ಸುದ್ದಿನೂ ಕಳೆದಿಲ್ಲ.’

‘ಮುಟ್ಟಿಲ್ಲ ತಾನೇ?’

‘ಇಲ್ಲ ಸರ್.’

‘ಒಳ್ಳೇದು. ಹಾಗೇ ಬಿಡು.’

ಹಾಗೇ ಬಿಟ್ಟಳು. ರಿಜಿಸ್ಟರಿನಲ್ಲಿ ‘ಕಡ್ಡಿ ಒಂದು ನಷ್ಟ, ಸುದ್ದಿ ನಷ್ಟ ಸೊನ್ನೆ’ ಎಂದು ಬರೆದಳು. ಹೊರಗೋಡೆಯ ಬೋರ್ಡಿನಲ್ಲಿ ಹನ್ನೊಂದರ ಮುಂದೆ ಮೂವತ್ತನಾಲ್ಕು ಎಂದಿತ್ತು. ನೀರು ಹಾಯಿಸಿದ ಮರುದಿನ ದಿಬ್ಬದ ಕಡ್ಡಿ ಹೇಳಿದ ಕೊನೆಯ ಮಾತು ಅದು. ಅದು ಸುಮ್ಮನಿದ್ದುದರಿಂದ ಬೋರ್ಡೂ ಅದನ್ನೇ ಹಿಡಿದುಕೊಂಡಿತ್ತು.

ಅರವತ್ತೆರಡನೇ ದಿನ ದಿಬ್ಬದ ಸರದಿ. ಚಿಕ್ಕಮ್ಮ ತೂಬಿನ ಬಳಿ ಗುದ್ದಲಿ ಹಿಡಿದು ನಿಂತಿದ್ದಳು. ನೀರು ಬಂತು, ಅವಳ ಹಲಗೆಯ ಮುಂದೆ ಸುಳಿ ತಿರುಗಿ, ಹನ್ನೆರಡಕ್ಕೆ ಹೋಯಿತು. ನೀರುಗಂಟಿ ತಲೆ ಎತ್ತಲಿಲ್ಲ. ಅವಳು ಸಾಲಿನ ಬುಡಕ್ಕೆ ಬೆರಳು ಊರಿ ನೋಡಿದಳು. ಎರಡನೇ ಗೆಣ್ಣಿನ ತನಕ ಒಣಕಲು, ಅದರ ಕೆಳಗೆ ತಣ್ಣಗೆ. ಇರಲಿ, ಕಡ್ಡಿಗೆ ಬೇರಿನ ಆಳ ಗೊತ್ತಿರಬೇಕು ಎಂದುಕೊಂಡಳು.

ಅರವತ್ತೈದಕ್ಕೆ ನೆಲ ಬಿರುಕು ಬಿಟ್ಟಿತು. ಅವಳು ಪೆಟ್ಟಿಗೆಯಿಂದ ಕೆಂಪು ಬಟ್ಟೆ ತೆಗೆದು ಗೂಟಕ್ಕೆ ಕಟ್ಟಿದಳು. ಸಂಘ ಏನಾದರೂ ಅಂದುಕೊಳ್ಳಲಿ.

ಅರವತ್ತೆಂಟನೇ ದಿನ ನೀರುಗಂಟಿ ಬಟ್ಟೆಯನ್ನು ದೂರದಿಂದಲೇ ಕಂಡ. ತೂಬಿನ ಮುಂದೆ ಬಂದು ನಿಂತ. ಇಡೀ ಬಯಲಿನಲ್ಲಿ ಮೊದಲು ಒಣಗುವುದು ದಿಬ್ಬ ಎಂದು ಅವನಿಗೆ ಮೂವತ್ತು ವರ್ಷದಿಂದ ಗೊತ್ತು. ನಾಲ್ಕು ಹೆಜ್ಜೆ ಒಳಗಿಟ್ಟು ಒಂದು ಹಿಡಿ ಮಣ್ಣು ಹಿಸುಕಿ ನೋಡಿದ್ದರೆ ಆಗುತ್ತಿತ್ತು. ಬೋರ್ಡು ಬರುವ ಮೊದಲು ಹಾಗೆಯೇ ನೋಡುತ್ತಿದ್ದ. ಆದರೆ ಅತ್ತಿಗೆ ಹತ್ತು ಮಾರು ದೂರದಲ್ಲಿ ನಿಂತಿದ್ದಳು, ಅವಳ ಕಣ್ಣೆದುರಿಗೆ ಬಗ್ಗಬೇಕಿತ್ತು.

‘ಏನಣ್ಣಾ, ಚಿಕ್ಕಮ್ಮ ಬಟ್ಟೆ ಕಟ್ಟವ್ರಲ್ಲ?’ ಎಂದಳು ಹನ್ನೆರಡರ ಹೂಕೋಸಿನವಳು.

‘ಬೋರ್ಡಲ್ಲಿ ಮೂವತ್ನಾಲ್ಕಿದೆ.’

‘ಹಂಗಾದ್ರೆ ಬಟ್ಟೆಗೆ ಅಂಕಿ ಓದಕ್ಕೆ ಬರಲ್ಲ ಬಿಡು.’ ಹೆಚ್ಚಿನ ನೀರು ತನ್ನ ಪಾಲಿಗೇ ಬರುವುದರಿಂದ ಅವಳು ಅದನ್ನು ಅಲ್ಲಿಗೇ ಬಿಟ್ಟಳು. ನೀರುಗಂಟಿ ಹನ್ನೆರಡರ ಹಲಗೆ ಎತ್ತಿದ.

ಚಿಕ್ಕಮ್ಮ ಕೂಗಲಿಲ್ಲ. ಕೂಗಿದ್ದರೆ ಕೇಳಿಸುತ್ತಿತ್ತು. ನೀರು ಹೋಗುವಷ್ಟೂ ಹೊತ್ತು ನಿಂತು ನೋಡಿ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಹುಳುಗಳು ಕಮ್ಮಿಯಾಗಿದ್ದವು. ದಂಟಿನ ತುದಿ ಹಳದಿಗೆ ತಿರುಗಿತ್ತು. ಒಂದು ಗುಂಡನ್ನು ಮೆಲ್ಲಗೆ ತಟ್ಟಿದರೆ ಹೂಗಳು ಹೊಟ್ಟಿನಂತೆ ಅಂಗೈಗೆ ಉದುರಿದವು. ಕಾಳು ಕಟ್ಟಬೇಕಿದ್ದ ಕಾಯಿಯೊಂದನ್ನು ಉಗುರಿನಿಂದ ಸೀಳಿದಳು. ಒಳಗಿನ ಮೂರು ಮನೆಯೂ ಬರಿದು. ಅವಳು ಸಾಲಿನ ಬುಡದಿಂದ ಒಂದು ಹೆಂಟೆ ಮಣ್ಣು ಎಬ್ಬಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಪಂಪುಮನೆಗೆ ನಡೆದಳು.

ನೀರುಗಂಟಿ ಪಂಪಿನ ಬಳಿ ಕೂತು ಗ್ರೀಸು ತುಂಬುತ್ತಿದ್ದ. ಅವಳು ಅವನನ್ನು ದಾಟಿ ಒಳಕೋಣೆಗೆ ಹೋಗಿ ಹೆಂಟೆಯನ್ನು ಮೇಜಿನ ಮೇಲೆ, ತೆರೆದಿದ್ದ ರಿಜಿಸ್ಟರಿನ ಮೇಲೆಯೇ, ಇಟ್ಟಳು. ಅದು ಎರಡು ಹೋಳಾಗಿ ಪುಡಿ ಚೆಲ್ಲಿತು.

‘ಇದು ಹಸಿನಾ ನೋಡಮ್ಮಾ.’

‘ಎಲ್ಲಿದು ಚಿಕ್ಕಮ್ಮಾ?’

‘ನಿನ್ನ ಕಡ್ಡಿ ಬುಡದ್ದು. ಹದಿಮೂರು ದಿನ ಆಯ್ತು ನೀರು ಕಂಡು. ಗೋಡೆ ಮೇಲೆ ಮೂವತ್ನಾಲ್ಕಂತೆ.’

ಕಡ್ಡಿ ಮೇಡಂ ಮಣ್ಣನ್ನು ನೋಡಿದಳು, ಪರದೆಯಲ್ಲಿ ಆರಿದ ಚುಕ್ಕೆಯನ್ನು ನೋಡಿದಳು. ಎದ್ದು ಹೊರಗೆ ಹೋಗಿ ಬೋರ್ಡು ನೋಡಿ ಬಂದಳು. ಕೂರಲಿಲ್ಲ.

‘ಅದು ಹನ್ನೊಂದು ದಿನದಿಂದ ಕೆಲಸ ಮಾಡ್ತಿಲ್ಲ,’ ಎಂದಳು. ‘ನಂಗೆ ಗೊತ್ತಿತ್ತು. ಹದಿನಾಲ್ಕು ಹೊಲದ ಸುದ್ದಿ ಅದರ ಮೇಲೇ ಹೋಗ್ತಿತ್ತು. ಅದಕ್ಕೇ ಸೆಲ್ ಬೇಗ ಮುಗೀತು.’

‘ಊರ ಮಾತೆಲ್ಲ ಹೊತ್ತು ಸತ್ತಿತು ಅನ್ನು.’

‘ಹೂಂ.’

‘ಅದರ ಮಾತು ಯಾರು ಹೊತ್ರು?’

‘ಅದು... ಸುಮ್ಮನಿದ್ರೆ ಹಿಂದಿನ ಹಾಗೇ ಇದೆ ಅಂತ ನಾನು—’

‘ಸತ್ತೋರೂ ಸುಮ್ನೇ ಇರ್ತಾರಲ್ಲಮ್ಮಾ,’ ಎಂದಳು ಚಿಕ್ಕಮ್ಮ. ದನಿ ಏರಿಸಲಿಲ್ಲ. ‘ಮೂರು ದಿನ ಪಕ್ಕದ ಮನೇಲಿ ಪಾತ್ರೆ ಸದ್ದು ಕೇಳದಿದ್ರೆ ಹೋಗಿ ಬಾಗಿಲು ತಟ್ಟಲ್ವಾ?’

ಪಂಪಿನ ಬಳಿ ಗ್ರೀಸಿನ ಡಬ್ಬಿ ಮುಚ್ಚಿದ ಸದ್ದಾಯಿತು. ನೀರುಗಂಟಿ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತ. ಅತ್ತಿಗೆಯ ಕಡೆ ನೋಡದೆ ಕಡ್ಡಿ ಮೇಡಂ ಕಡೆ ತಿರುಗಿದ.

‘ಮೇಡಂ, ಇವತ್ತು ಹದಿಮೂರರಿಂದ ಹದಿನಾರು. ಹದಿನಾರನೇ ಹೊಲ ನಂದು. ಅದರ ಸರದಿ ಹನ್ನೊಂದಕ್ಕೆ ಬಿಡ್ತೀನಿ ಅಂತ ಹೇಳಿ.’

‘ಎರಡು ಸರದಿ ತಪ್ಪಿದೆ ಅಂತ ಅವನಿಗೆ ಹೇಳಮ್ಮಾ.’

‘ಒಂದು ಈಗ. ಇನ್ನೊಂದು ಆಮೇಲೆ ಕೊಡ್ತೀನಿ ಅನ್ನಿ. ನನ್ನ ಎಲೆಕೋಸು ನಾಟಿ ಮಾಡಿ ನಾಲ್ಕೇ ದಿನ ಆಗಿರೋದು.’

‘ನೆನ್ನೆ ಬಟ್ಟೆ ಕಂಡಿತ್ತಾ ಇಲ್ವಾ ಕೇಳು.’

ನೀರುಗಂಟಿ ಸ್ವಲ್ಪ ಹೊತ್ತು ಚಿಂದಿಯನ್ನೇ ತಿರುವಿದ. ‘ಕಂಡಿತ್ತು ಅನ್ನಿ.’

‘ಇಬ್ಬರೂ ಒಂದೇ ಕೋಣೇಲಿದೀರಿ,’ ಎಂದಳು ಕಡ್ಡಿ ಮೇಡಂ. ‘ನನ್ನ ಮೇಲೆ ಯಾಕೆ ಹಾಯಿಸ್ತೀರಿ?’

ಅವನು ಗುದ್ದಲಿ ತೆಗೆದುಕೊಂಡು ಹೊರಟ. ಚಿಕ್ಕಮ್ಮ ಇಪ್ಪತ್ತು ಹೆಜ್ಜೆ ಹಿಂದೆ ನಡೆದಳು.

ನೀರು ದಿಬ್ಬಕ್ಕೆ ಹತ್ತಲು ಹೊತ್ತು ಹಿಡಿಯಿತು. ಮೊದಲ ಸಾಲಿನ ಬಿರುಕುಗಳು ನೀರನ್ನು ಗುಟುಕು ಗುಟುಕಾಗಿ ಕುಡಿದು, ಗುಳ್ಳೆ ಬಿಟ್ಟು, ಆಮೇಲೆ ಮುಂದಕ್ಕೆ ಬಿಟ್ಟುಕೊಟ್ಟವು. ಚಿಕ್ಕಮ್ಮ ಸಾಲಿನಿಂದ ಸಾಲಿಗೆ ಮಣ್ಣಿನ ಬಾಯಿ ಕಡಿದು ನೀರು ತಿರುಗಿಸುತ್ತಿದ್ದಾಗ ಕಡ್ಡಿ ಮೇಡಂ ಬೂಟು ಕೆಸರು ಮಾಡಿಕೊಂಡು ಬಂದಳು. ಕೈಯಲ್ಲಿ ಎರಡು ಸೆಲ್ಲು ಇದ್ದವು.

‘ಮುಟ್ಟಬಾರದು ಅಂದಿದ್ದೆ,’ ಎಂದಳು ಚಿಕ್ಕಮ್ಮ.

‘ಹೌದು.’

‘ಮುಟ್ಟಿದ್ರೆ?’

‘ಲೆಕ್ಕ ಅರವತ್ತೊಂಬತ್ತಕ್ಕೆ ನಿಲ್ಲುತ್ತೆ. ಮುಂದಿನ ಬೆಳೆಗೆ ಮೊದಲಿಂದ ಶುರು.’

‘ಹಂಗಾದ್ರೆ ಬಿಡು. ಇನ್ನು ಮೇಲೆ ಅವನು ಕೈಯಲ್ಲಿ ಮಣ್ಣು ನೋಡಿ ನೀರು ಬಿಡ್ತಾನೆ. ನಿನ್ನ ಕಡ್ಡಿ ಯಾಕೆ ಬೇಕು?’

‘ನಿಮ್ಮೊಬ್ಬರದಲ್ಲ ಚಿಕ್ಕಮ್ಮಾ. ಈಗ ಹೊರೆಯೆಲ್ಲ ಏಳು, ಹತ್ತೊಂಬತ್ತರ ಮೇಲೆ ಬಿದ್ದಿದೆ. ಹತ್ತು ಹನ್ನೆರಡು ದಿನಕ್ಕೆ ಅವೂ ಹೀಗೇ ಸುಮ್ಮನಾಗ್ತವೆ. ಬೋರ್ಡು ಆಗಲೂ ಹಸಿ ಹಸಿ ಅಂತಾನೇ ಇರುತ್ತೆ. ಇಪ್ಪತ್ತಮೂರಕ್ಕೂ ಹೊಸ ಪಾಠ ಹೇಳಬೇಕು. ಸುದ್ದಿ ಇರಲಿ ಬಿಡಲಿ, ದಿನಕ್ಕೊಂದ್ಸಲ ಇದೀನಿ ಅಂತ ಹೇಳಬೇಕು. ಹೇಳದಿದ್ರೆ ಬೋರ್ಡಲ್ಲಿ ಅಂಕಿ ಅಳಿಸಿ ಗೆರೆ ಬರಬೇಕು. ಅದನ್ನ ಹೇಳಿಕೊಟ್ರೂ ಮುಟ್ಟಿದ ಹಾಗೇ.’

ಅವಳು ಕಾಗದದ ಮುದ್ರೆಯನ್ನು ಉಗುರಿನಿಂದ ಎಬ್ಬಿಸಿದಳು. ಅದು ಒಂದೇ ಸಲಕ್ಕೆ ಬರಲಿಲ್ಲ, ಬಿಸಿಲಿಗೆ ಅಂಟಿಕೊಂಡಿತ್ತು.

‘ಎಷ್ಟು ವರ್ಷದ ಕೆಲಸ ಅಂದಿದ್ದೆ?’

‘ಮೂರು.’

‘ನಂದು ಮೂವತ್ತೊಂದು,’ ಎಂದು ಚಿಕ್ಕಮ್ಮ ಮುಂದಿನ ಸಾಲಿಗೆ ಹೋದಳು.

ಅಂದು ಸಂಜೆ ಕಡ್ಡಿ ಮೇಡಂ ರಿಜಿಸ್ಟರಿನ ಮೇಲಿನ ಮಣ್ಣು ಕೊಡವಿ, ‘ಮುಂದೆ ಸಂಶೋಧಿಸಬೇಕಾದದ್ದು’ ಎಂಬ ತಲೆಬರಹದ ಪುಟ ತೆರೆದಳು. ಅಲ್ಲಿ ಮೊದಲೇ ಒಂಬತ್ತು ಸಾಲುಗಳಿದ್ದವು, ಎಲ್ಲ ದಾರಿಗಳ ಬಗ್ಗೆ. ಹತ್ತನೆಯದಾಗಿ ಬರೆದಳು: ‘ಸುಮ್ಮನಿರುವುದಕ್ಕೂ ಸತ್ತಿರುವುದಕ್ಕೂ ಇರುವ ವ್ಯತ್ಯಾಸವನ್ನು ಕಮ್ಮಿ ಖರ್ಚಿನಲ್ಲಿ ತಿಳಿಯುವುದು ಹೇಗೆ. ಹೊರೆ ಹೊತ್ತವರ ಸರದಿ ಬದಲಿಸುವುದು ಹೇಗೆ.’ ಆಮೇಲೆ ಗೈಡಿಗೆ ಫೋನು ಮಾಡಿದಳು. ಆ ಮಾತು ಬಹಳ ಹೊತ್ತು ನಡೆಯಿತು. ಹೆಚ್ಚಾಗಿ ಮಾತಾಡಿದ್ದು ಆ ಕಡೆಯವರು.

ಕೊಯ್ಲು ಆದದ್ದು ಐದು ವಾರದ ನಂತರ. ಗುಂಡುಗಳಲ್ಲಿ ಅರ್ಧದಷ್ಟು ಕಾಳು ಕಟ್ಟಿದ್ದವು, ಮಿಕ್ಕವು ಹೊಟ್ಟು. ಮೊದಲು ಅರಳಿದವು ಹೋದವು, ತಡವಾಗಿ ಅರಳಿದವು ಉಳಿದವು. ತನಗೂ ಇನ್ನು ಏಳು ಮನೆಗೂ ಸಾಲುವಷ್ಟು. ಯಾವ ಏಳು ಎಂದು ಚಿಕ್ಕಮ್ಮ ಇನ್ನೂ ಯಾರಿಗೂ ಹೇಳಿರಲಿಲ್ಲ. ತಳಿ ಉಳಿಯಿತು. ನೀರುಗಂಟಿಯ ಎಲೆಕೋಸಿನ ಸಸಿಗಳಲ್ಲಿ ಮೂರರಲ್ಲೊಂದು ಪಾಲು ಆ ಸರದಿ ತಪ್ಪಿ ಬಾಡಿಹೋಗಿದ್ದವು. ಅದನ್ನು ಅವನು ಯಾರ ಹತ್ತಿರವೂ ಆಡಲಿಲ್ಲ; ಚಿಕ್ಕಮ್ಮ ಬದುವಿನ ಮೇಲೆ ಹೋಗುವಾಗ ಎಣಿಸಿದ್ದಳು.

ಹಿತ್ತಿಲಲ್ಲಿ ಟಾರ್ಪಾಲು ಹಾಸಿ, ಅವಳು ಮೊರದಲ್ಲಿ ಬೀಜ ತೂರುತ್ತಿದ್ದಳು. ಮೊರ ಎತ್ತಿ ಓರೆ ಮಾಡಿದರೆ ಕಪ್ಪು ಕಾಳು ನೇರ ಕೆಳಕ್ಕೆ, ಹೊಟ್ಟು ಗಾಳಿಯ ಜೊತೆ ಆಚೆಗೆ. ನಡುಗೋಡೆಯ ಆ ಕಡೆ ಕೆಮ್ಮಿದ ಸದ್ದಾಯಿತು. ಆಮೇಲೆ ನೀರುಗಂಟಿ ಗೋಡೆ ಬಳಸಿಕೊಂಡು ಬಂದು ಟಾರ್ಪಾಲಿನ ಅಂಚಿಗೆ ನಿಂತ.

‘ಅತ್ತಿಗೆ,’ ಎಂದ.

ಅವಳು ಮೊರ ಇಳಿಸಲಿಲ್ಲ.

‘ಒಂದು ಸರದಿ ನೀರು ಬಾಕಿ ಇದೆ. ನಾಳೆ ಹದಿನಾರರದ್ದು. ಬಿಡ್ಲಾ?’

‘ಬೆಳೆ ಕೊಯ್ದ ಮೇಲೆ ನೀರು ತಗೊಂಡು ಏನು ಮಾಡ್ಲಿ? ಬೀಜ ನೆನೆಸ್ಲಾ?’

‘ಮತ್ತೆ ಯಾವಾಗ?’

‘ಬೇಕಾದಾಗ ಕೇಳ್ತೀನಿ.’

‘ಬಟ್ಟೆ ಕಟ್ತೀರಾ?’

ಚಿಕ್ಕಮ್ಮ ಒಂದು ಸಲ ಮೊರ ಆಡಿಸಿದಳು. ಬೀಜದ ಚೀಲ ಅವಳ ಪಕ್ಕದಲ್ಲೇ ಇತ್ತು. ಅದರ ಬಾಯಿಗೆ ಕೆಂಪು ಬಟ್ಟೆಯ ಗಂಟು ಬಿದ್ದಿತ್ತು.

‘ಬಟ್ಟೆ ಎಲ್ಲಿದೆ? ಬಾಯಲ್ಲೇ ಕೇಳ್ತೀನಿ. ಅಲ್ಲೀ ತನಕ ಬಾಕಿ ಇರ್ಲಿ.’

‘ಎಲ್ಲಾದ್ರೂ ಬರೆದಿಟ್ಕೋಬೇಕಾ?’

‘ಯಾಕೆ, ಮರೀತೀಯಾ?’

‘ಇಲ್ಲ.’

ಅವನು ಇನ್ನೂ ನಿಂತೇ ಇದ್ದ. ಮೊರದಿಂದ ಬಿದ್ದ ಹೊಟ್ಟು ಹಾರದೆ ಕಾಳಿನ ಮೇಲೆಯೇ ಕೂರತೊಡಗಿತು.

‘ಗಾಳಿಗೆ ಅಡ್ಡ ನಿಂತಿದೀಯ,’ ಎಂದಳು ಚಿಕ್ಕಮ್ಮ. ‘ಈ ಕಡೆ ಬಾ.’

ಅವನು ಟಾರ್ಪಾಲು ಬಳಸಿ ಈ ಕಡೆ ಬಂದ.